ಗುಡ್ಡ ವಾಪಸು ಕೊಡದ ಮಾತು

ನನ್ನ ದನಿ ನೀವು ಕೇಳಿಲ್ಲವೆಂದರೆ ಅದು ನಿಮ್ಮ ಕಿವಿಗಳ ದುರದೃಷ್ಟ. ನಾನು ಮೈಕ್ ಭರಮಪ್ಪ, ನಮ್ಮೂರಿನ ಫುಟ್‌ಬಾಲ್ ಮೈದಾನದಲ್ಲಿ ಇಪ್ಪತ್ತಾರು ವರ್ಷ ಕಾಮೆಂಟ್ರಿ ಹೇಳಿದವನು. ನಾನು ‘ಗೋಲ್’ ಎಂದು ಕೂಗಿದರೆ ಮೂರು ಊರಾಚೆಯ ಎಮ್ಮೆಗಳು ಕರುವಿಲ್ಲದೆ ಹಾಲಿಳಿಸುತ್ತಿದ್ದವು. ಹಾರುವ ಕಾಗೆಗಳು ದಿಕ್ಕು ತಪ್ಪಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ರೈಲಿನ ಕೂಗು, ಹುಲಿಯ ಗರ್ಜನೆ, ರೆಫರಿಯ ಸೀಟಿ, ಯಾವುದನ್ನು ಕೇಳಿದರೂ ಬರೀ ನಾಲಿಗೆಯಲ್ಲಿ ಮಾಡಿ ತೋರಿಸುತ್ತಿದ್ದೆ. ಒಮ್ಮೆ ನಾನು ರೈಲು ಕೂಗಿದ್ದಕ್ಕೆ ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ಬಂದು ನಿಂತಿತ್ತು. ನಮ್ಮೂರಿಗೆ ರೈಲೇ ಇಲ್ಲ.

ಇಂಥ ದನಿಯನ್ನು ಗುಡ್ಡ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ವಾಪಸು ಕೊಟ್ಟಿರಲಿಲ್ಲ.

ಮೈದಾನದ ಮೂಡಲ ಗೋಲ್‌ಪೋಸ್ಟಿನ ಹಿಂದೆ ನಿಂತಿರುವ ಕರಿಗುಡ್ಡ ಅದು. ಮೇಲೆ ಹುಲ್ಲಿಲ್ಲ, ಹಕ್ಕಿ ಕೂರುವುದಿಲ್ಲ. ಬಯಲಿನಲ್ಲಿ ಆಡಿದ ಮಾತು ನಿಜವಾಗಿದ್ದರೆ ಎಂಟನೆಯ ದಿನ ಅದೇ ಹೊತ್ತಿಗೆ, ಆಡಿದವರ ದನಿಯಲ್ಲೇ ಗುಡ್ಡದಿಂದ ತಿರುಗಿ ಬರುತ್ತದೆ. ಸುಳ್ಳಾಗಿದ್ದರೆ ಬರುವುದಿಲ್ಲ. ಮನೆಯೊಳಗೆ ಬಾಗಿಲು ಹಾಕಿಕೊಂಡು ಆಡಿದ್ದು ಅದಕ್ಕೆ ಕೇಳಿಸುವುದಿಲ್ಲ. ಹಾಗಾಗಿ ನಮ್ಮೂರಲ್ಲಿ ವ್ಯಾಪಾರವೆಲ್ಲ ಬಾಗಿಲ ಹಿಂದೆ. ಮದುವೆಯಲ್ಲಿ ಹುಡುಗಿ ‘ಒಪ್ಪಿಗೆ’ ಎಂದ ಮೇಲೂ ಎಂಟು ದಿನ ಅವಳನ್ನು ತವರಿನಲ್ಲೇ ಇಟ್ಟುಕೊಳ್ಳುತ್ತಾರೆ. ಒಪ್ಪಿಗೆ ತಿರುಗಿ ಬಂದರೆ ಬುತ್ತಿ ಕಟ್ಟಿ ಕಳಿಸುತ್ತಾರೆ. ಬರದಿದ್ದರೆ ಎರಡೂ ಕಡೆಯವರು ತುಟಿ ಎರಡು ಮಾಡದೆ ಸೀರೆ ಬಳೆ ವಾಪಸು ಮಾಡುತ್ತಾರೆ.

ತಿರುಗಿ ಬರುವ ಮಾತಿಗೆ ಒಂದು ತಣ್ಣಗಿನ ಉಸಿರಿರುತ್ತದೆ, ಹಳೆಯ ಬಾವಿಗೆ ಬಗ್ಗಿದಾಗ ಮುಖಕ್ಕೆ ತಾಗುವಂಥದು. ಆ ಹೊತ್ತಿಗೆ ನಾಯಿಗಳು ಕಿವಿ ಮಡಚಿ ಮಲಗಿಬಿಡುತ್ತವೆ. ನಮ್ಮ ಓಣಿಯ ತಂಗೆವ್ವನ ಗಂಡ ಅಂಗಳದ ಹೊರಸಿನ ಮೇಲೆ ಮಲಗಿ “ನೀರು ಕೊಡ” ಎಂದು ಕೇಳಿದ. ಆಕೆ ತರುವಷ್ಟರಲ್ಲಿ ತೀರಿಕೊಂಡಿದ್ದ. ಎಂಟನೆಯ ದಿನ ಅದೇ ಹೊತ್ತಿಗೆ ಗುಡ್ಡ ಅವನ ದನಿಯಲ್ಲಿ “ನೀರು ಕೊಡ” ಎಂದಿತು. ತಂಗೆವ್ವ ತಂಬಿಗೆ ತುಂಬಿಕೊಂಡು ಅಂಗಳಕ್ಕೆ ಬಂದಳು. ಗುಡ್ಡದ ಕಡೆಗೆ ಕೈ ಚಾಚಿ, ಹೊತ್ತು ಮುಳುಗುವ ತನಕ ನಿಂತೇ ಇದ್ದಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ.

“ನನ್ನ ದನಿ ಅಂದ್ರ ಗುಡ್ಡಕ್ಕ ಅಂಜಿಕಿ,” ಎಂದು ನಾನು ಕಂಡಕಂಡಲ್ಲಿ ಹೇಳಿಕೊಳ್ಳುತ್ತಿದ್ದೆ. “ಅಂಜಿಕಿ ಅಲ್ಲ, ಹೇಸಿಕಿ,” ಎನ್ನುತ್ತಿದ್ದಳು ನನ್ನ ಹೆಂಡತಿ ಪಾರವ್ವ.

ನಮ್ಮ ತಂಡದ ಕೋಚ್ ಇನಾಸ್ ಮಾಸ್ತರರು ಕಡಲ ಕಡೆಯಿಂದ ಬಂದವರು. ಹನ್ನೊಂದು ವರ್ಷ ನಮ್ಮಲ್ಲಿದ್ದರು. ಪ್ರತಿ ಆಟ ಮುಗಿದ ಮೇಲೆ ನಾನು ಮೈಕ್ ಹಿಡಿದು ಕಾಮೆಂಟ್ರಿ ಹೇಳುವ ತಗಡಿನ ಕೋಣೆಯಿಂದ ಕೆಳಗಿಳಿದು ಅವರ ಮುಂದೆ ಹಿಡಿಯಬೇಕು, ಅವರು ಎರಡು ಮಾತು ಆಡಬೇಕು. ಅದು ರೂಢಿ. ಗೆಲ್ಲಲಿ ಸೋಲಲಿ, ಅವರು ಹೇಳುತ್ತಿದ್ದುದು ಒಂದೇ: “ಹುಡುಗರು ಜೀವ ಬಿಟ್ಟು ಆಡಿದರು. ಅಭಿಮಾನಿಗಳೇ ನಮ್ಮ ಬಲ.” ಎಂಟನೆಯ ದಿನ ಅದೇ ಹೊತ್ತಿಗೆ ಜನರೆಲ್ಲ ಕಲ್ಲಪ್ಪನ ಚಹಾದಂಗಡಿಯ ಮುಂದೆ ಕೂತು ಗುಡ್ಡದ ಕಡೆ ಕಿವಿ ಕೊಡುತ್ತಿದ್ದರು. ಗುಡ್ಡ ಗಪ್‌ಚಿಪ್. ಆ ಮೌನದಲ್ಲಿ ಚಹಾ ಹೀರುವುದು ನಮಗೆ ಬಲು ಹಿತವಾಗಿತ್ತು. “ಮಾಸ್ತರು ಭಾಳ ಮರ್ಯಾದಸ್ತರು ನೋಡ್ರಿ,” ಎನ್ನುತ್ತಿದ್ದ ಕಲ್ಲಪ್ಪ. ನಮ್ಮ ಮೈದಾನದಲ್ಲಿ ಅವನಿಗಿಂತ ದೊಡ್ಡ ಅಭಿಮಾನಿಯೂ ಇರಲಿಲ್ಲ, ಅವನದಕ್ಕಿಂತ ಹೊಲಸು ಬೈಗುಳವೂ ಇರಲಿಲ್ಲ.

ಆ ಭಾನುವಾರ ಹೊಳೆಯಾಚೆಯವರ ಜೊತೆ ಕೊನೆಯ ಪಂದ್ಯ. ಸಮವಾದರೂ ಸಾಕು, ಕಪ್ ನಮ್ಮದು. ಮೈದಾನದಲ್ಲಿ ನಲವತ್ತು ಸಾವಿರ ಜನ ಸೇರಿದ್ದರು. ಪಾರವ್ವ ಏಳುನೂರು ಎನ್ನುತ್ತಾಳೆ. ಅವಳಿಗೆ ಎಣಿಕೆ ಬರುವುದಿಲ್ಲ. ಎರಡೂ ಕಡೆ ಒಂದೊಂದು ಗೋಲ್. ಆಟ ಮುಗಿಯಲು ಇನ್ನೊಂದು ನಿಮಿಷ ಇತ್ತೋ ಇಲ್ಲವೋ, ಉದ್ದನೆಯ ಸೀಟಿ ಕೇಳಿತು. ನಮ್ಮ ಹುಡುಗರು ಕೈ ಎತ್ತಿ ಕುಣಿದರು. ಮೂಡಲ ಗೋಲಿನಲ್ಲಿದ್ದ ನಮ್ಮ ಗೋಲ್‌ಕೀಪರ್ ಯಮನೂರ ಮಂಡಿಯೂರಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಹೊಳೆಯಾಚೆಯ ಒಬ್ಬ ಬಡಕಲು ಹುಡುಗ ಮಾತ್ರ ನಿಲ್ಲಲಿಲ್ಲ, ಚೆಂಡು ತಳ್ಳಿಕೊಂಡು ಬಂದ. ಯಮನೂರ ಎದ್ದು ಹಾರಿದಾಗ ಚೆಂಡು ಒಳಗೆ ಹೋಗಿತ್ತು. ಅವನ ದವಡೆ ಹೋಗಿ ಕಂಬಕ್ಕೆ ಬಡಿಯಿತು. ರೆಫರಿ ಗೋಲ್ ಕೊಟ್ಟ. ತಾನು ಸೀಟಿ ಊದಿಯೇ ಇಲ್ಲ ಎಂದ. ಮತ್ತೆ ಅರ್ಧ ನಿಮಿಷಕ್ಕೆ ನಿಜವಾದ ಸೀಟಿ ಊದಿದ.

ನಾನು ಮೈಕ್ ಹಿಡಿದು ಕೆಳಗಿಳಿದೆ. “ಮಾಸ್ತರ, ಎರಡು ಮಾತು,” ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

“ನಮ್ಮ ಹುಡುಗರಿಗೆ ಅರವತ್ತು ನಿಮಿಷದ ಮೇಲೆ ಕಾಲೇ ಇಲ್ಲ,” ಎಂದರು. “ಎದುರಿನವರು ನಮಗಿಂತ ಚೆನ್ನಾಗಿ ಆಡಿದರು. ನೀವು ಆಟ ನೋಡಲು ಬರುವವರಲ್ಲ. ಮನೆಯಲ್ಲಿ ಯಾರನ್ನು ಬೈಯಲು ಧೈರ್ಯವಿಲ್ಲವೋ ಅವರನ್ನು ಇಲ್ಲಿ ಬಂದು ಬೈಯುತ್ತೀರಿ. ಹನ್ನೊಂದು ವರ್ಷ ನಾನು ಸುಳ್ಳು ಹೇಳಿದೆ, ನೀವು ಚಹಾ ಕುಡಿದಿರಿ.”

ಆಮೇಲೆ ಕಲ್ಲಪ್ಪ ಎದ್ದು ನಿಂತ. “ಅದೆಲ್ಲಾ ಇರ್ಲಿ ಮಾಸ್ತರ! ಆ ಸೀಟಿ ಎಲ್ಲಿಂದ ಬಂತು, ಅದನ್ನ ಹೇಳ್ರಿ!”

“ಗುಡ್ಡದ್ದ ಅದು! ಹೋದ ಐತವಾರದ ಸೀಟಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಗೆ ಆಗುವುದುಂಟು. ಅದಕ್ಕೇ ನಮ್ಮಲ್ಲಿ ಒಂದು ವಾರ ಮೂರಕ್ಕೆ ಆಟ ಶುರುವಾದರೆ ಮುಂದಿನ ವಾರ ಐದಕ್ಕೆ.

ಮಾಸ್ತರರು ನನ್ನನ್ನು ನೋಡಿದರು. ಆಮೇಲೆ ಗುಡ್ಡದ ಕಡೆ ತಿರುಗಿ ನಿಂತು, ಪಾಠ ಒಪ್ಪಿಸುವವರ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು: “ಗುಡ್ಡದ್ದಲ್ಲ. ಸೀಟಿ ಹೊಡೆದವನು ನಾನು. ನಾಳೆ ಊರು ಬಿಡುತ್ತೇನೆ.”

ಒಂಬತ್ತು ಸಾವಿರ ಚಪ್ಪಲಿ ಹಾರಿ ಬಂದವು. ಸೂರ್ಯ ಮುಚ್ಚಿಹೋದ. (ಹದಿನಾಲ್ಕು, ಎನ್ನುತ್ತಾಳೆ ಪಾರವ್ವ. ಅದರಲ್ಲೊಂದು ನನಗೆ ಬಡಿಯಿತು.) ಮಾಸ್ತರರನ್ನು ನನ್ನ ತಗಡಿನ ಕೋಣೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದೆ. ಹೊರಗೆ ಜನ ತಗಡು ಬಡಿಯುತ್ತಿದ್ದರು.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಿಬಿಡಬೇಕು. ಆ ಸೀಟಿ ನನ್ನದು. ಕಪ್ ಬಂದೇ ಬಿಟ್ಟಿತೆಂಬ ಹುಮ್ಮಸ್ಸಿನಲ್ಲಿ, ರೆಫರಿಗಿಂತ ಮೊದಲು ನಾನೇ ಆಟ ಮುಗಿಸಿದೆನೆಂದು ಹೇಳಿಕೊಳ್ಳುವ ಆಸೆಯಲ್ಲಿ, ಮೈಕಿಗೆ ನಾಲಿಗೆ ಹಚ್ಚಿ ಹೊಡೆದುಬಿಟ್ಟಿದ್ದೆ. ಲೌಡ್‌ಸ್ಪೀಕರ್ ಇದ್ದದ್ದು ಮೂಡಲ ಗೋಲಿನ ಹಿಂದಿನ ಬೇವಿನ ಮರದಲ್ಲಿ. ಹಾಗಾಗಿ ಸದ್ದು ಗುಡ್ಡದ ಕಡೆಯಿಂದಲೇ ಬಂದ ಹಾಗಿತ್ತು. ಆದರೆ ಮಾಸ್ತರರು ಕೂತದ್ದು ನನ್ನ ಕೋಣೆಯ ಕೆಳಗೇ.

“ಮಾಸ್ತರ, ನೀವ್ಯಾಕ...” ಎಂದೆ.

“ನನಗೆ ಬೇರೆ ಊರಿದೆ ಭರಮಪ್ಪ. ನಿನಗೆ ಈ ಮೈಕ್ ಬಿಟ್ಟರೆ ಏನಿದೆ?” ಎಂದರು. ಕರವಸ್ತ್ರದಿಂದ ಅಂಗಿಯ ಮೇಲಿನ ಕೆಸರು ಒರೆಸಿಕೊಂಡರು. “ಎಂಟು ದಿನ ಕೊಟ್ಟಿದ್ದೇನೆ. ಗುಡ್ಡ ಸುಮ್ಮನಾಗುವ ಮೊದಲು ನೀನೇ ಹೇಳಿಬಿಡು.”

ಮರುದಿನ ಬೆಳಗಿನ ಬಸ್ಸಿಗೆ ಹೋದರು. ಕಲ್ಲಪ್ಪನ ಗುಂಪು ಬಾಯಲ್ಲಿ ಸೀಟಿ ಕಚ್ಚಿದ ಹುಲ್ಲಿನ ಬೊಂಬೆಯೊಂದನ್ನು ಮಾಡಿ ಸುಟ್ಟಿತು. ಅದರ ಕಾಮೆಂಟ್ರಿಯನ್ನೂ ನಾನೇ ಹೇಳಿದೆ.

ಆ ವಾರವೆಲ್ಲ ಚಹಾದಂಗಡಿಯಲ್ಲಿ ಒಂದೇ ಮಾತು. “ನಾವು ಬೈಯಾಕ ಬರ್ತೀವಂತ! ಆ ಮಾತು ಹೆಂಗ ತಿರುಗಿ ಬರ್ತೈತಿ, ನಾನೂ ನೋಡ್ತೀನಿ,” ಎಂದು ಕಲ್ಲಪ್ಪ ಗ್ಲಾಸು ಕುಕ್ಕಿದ.

“ಬಂದ್ರ?” ಎಂದಳು ಒಲೆಯ ಮುಂದಿದ್ದ ಅವನ ಹೆಂಡತಿ.

“ಬಂದ್ರ ಗುಡ್ಡಕ್ಕ ಹುಚ್ಚು ಹಿಡದೈತಿ ಅಂತ ತಿಳ್ಕೊಳ್ಳೂದು.”

ನಾನು ಎಂಟೂ ದಿನ ಹೇಳಬೇಕೆಂದೇ ಹೊರಟೆ. ಪ್ರತಿ ಸಲ ಬಾಯಿ ತೆರೆದರೆ ಬೇರೇನೋ ಹೊರಗೆ ಬರುತ್ತಿತ್ತು, ಹುಲಿ, ರೈಲು, ನಲವತ್ತು ಸಾವಿರ ಜನ. ಇಪ್ಪತ್ತಾರು ವರ್ಷ ಒಂದೇ ಬದಿಗೆ ತಿರುಗಿದ ನಾಲಿಗೆ ಅದು.

ಎಂಟನೆಯ ದಿನ ಊರಿಗೆ ಊರೇ ಮೈದಾನದಲ್ಲಿ ಕೂತಿತು. ಹೊತ್ತು ಸರಿಯಾಗಿ ಬಂದಾಗ ನಾಯಿಗಳು ಮಲಗಿದವು. ಆಮೇಲೆ ಆ ತಣ್ಣನೆಯ ಉಸಿರು, ಮತ್ತು ಇಲ್ಲದ ಮನುಷ್ಯನ ದನಿ. ನಮ್ಮ ಹುಡುಗರಿಗೆ ಅರವತ್ತು ನಿಮಿಷದ ಮೇಲೆ ಕಾಲೇ ಇಲ್ಲ. ಆಟಗಾರರು ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ಮನೆಯಲ್ಲಿ ಯಾರನ್ನು ಬೈಯಲು ಧೈರ್ಯವಿಲ್ಲವೋ ಅವರನ್ನು ಇಲ್ಲಿ ಬಂದು ಬೈಯುತ್ತೀರಿ. ಗಂಡಸರು ನೆಲ ನೋಡಿದರು, ಹೆಂಗಸರು ಗಂಡಸರನ್ನು ನೋಡಿದರು. ಕಲ್ಲಪ್ಪನ ಹೆಂಡತಿ ಗಂಡನ ಕಡೆ ತಿರುಗಿ ಕೂತಳು. ನೀವು ಚಹಾ ಕುಡಿದಿರಿ, ಎಂದಿತು ಗುಡ್ಡ. ಗುಡ್ಡದ್ದಲ್ಲ, ಎಂದಿತು.

ಆಮೇಲೆ ನಿಂತಿತು. ದನಿ ನಿಂತಿತೇ ಹೊರತು ಉಸಿರು ನಿಲ್ಲಲಿಲ್ಲ. ಬಾಯಿ ತೆರೆದುಕೊಂಡೇ ಯಾರೋ ಸುಮ್ಮನಿದ್ದಾರೆ ಎಂಬಂತೆ ಆ ತಂಪು ನಮ್ಮ ಮುಖದ ಮೇಲೆ ಹಾಯುತ್ತಲೇ ಇತ್ತು, ಒಂದು ಮಾತು ಆಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ನಂತರ, ನಾಳೆ ಊರು ಬಿಡುತ್ತೇನೆ.

“ಸೀಟಿ ಹೊಡೆದವನು ನಾನು ಅಂದದ್ದು ಬರ್ಲಿಲ್ಲ,” ಎಂದ ಕಲ್ಲಪ್ಪ. “ಅದೊಂದ ಸುಳ್ಳು. ಮತ್ತ ಹೊಡದಾಂವ ಯಾರು? ನಮ್ಮೊಳಗ ಕುಂತಾನ.”

ಎಲ್ಲರೂ ಪಕ್ಕದವರಿಂದ ಒಂದು ಗೇಣು ಸರಿದು ಕೂತರು. ಉಪಾಯ ಹೇಳಿದವನೂ ಕಲ್ಲಪ್ಪನೇ. ಆಟಕ್ಕೆ ಬಂದವರೆಲ್ಲ ಒಬ್ಬೊಬ್ಬರಾಗಿ ಬಂದು ಮೈಕಿನಲ್ಲಿ ‘ನಾನಲ್ಲ’ ಎನ್ನಬೇಕು. ಯಾರದು ತಿರುಗಿ ಬರುವುದಿಲ್ಲವೋ ಅವನೇ. ಸಾಲು ಹಚ್ಚಿದರು. ಮೈಕ್ ಹಿಡಿದು ನಿಂತವನು ನಾನು. ಮುದುಕರು, ಬಾಣಂತಿಯರು, ಆಟಗಾರರು, ನನ್ನ ಪಾರವ್ವ. ಪ್ರತಿಯೊಬ್ಬರ ತುಟಿಯ ಮುಂದೆ ನಾನೇ ಮೈಕ್ ಹಿಡಿದೆ. ನಾನಲ್ಲ. ನಾನಲ್ಲ. ನಾನಲ್ಲ. ಸಾಲು ಮುಗಿದಾಗ ನನ್ನ ಕೈ ಮರಗಟ್ಟಿತ್ತು.

“ನಾನೂ ಹೇಳ್ಲೇನು?” ಎಂದೆ.

ಕಲ್ಲಪ್ಪ ಆ ದಿನ ಮೊದಲ ಬಾರಿ ನಕ್ಕ. “ನೀ ಹೇಳಿದ್ರೇನು, ಬಿಟ್ರೇನು ಭರಮಣ್ಣ? ನಿನ್ನ ಮಾತು ಯಾವತ್ತರೆ ತಿರುಗಿ ಬಂದೈತೇನು? ಬರ್ಲಿಲ್ಲಂದ್ರ ಏನಂತ ತಿಳೀಬೇಕು ನಾವು?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಊರಿನಲ್ಲಿ ಗುಡ್ಡಕ್ಕೆ ಸಿಗದವನು ನಾನೊಬ್ಬನೇ ಇದ್ದೆ.

ಮುಂದಿನ ಭಾನುವಾರದ ಸಂಜೆಯನ್ನು ನಾನು ಹಿಗ್ಗಿಸಿ ಹೇಳಬೇಕಾದ್ದೇ ಇಲ್ಲ. ಗುಡ್ಡ ‘ನಾನಲ್ಲ’ ಎಂದಿತು, ಒಬ್ಬ ಮುದುಕನ ದನಿಯಲ್ಲಿ. ನಾನಲ್ಲ, ಒಬ್ಬ ಹುಡುಗಿಯ ದನಿಯಲ್ಲಿ. ತಾವೇ ಆಡಿದ ಮಾತು ತಮ್ಮ ಬೆನ್ನ ಹಿಂದಿನಿಂದ ಬಂದಾಗ ಜನ ಬೆಚ್ಚಿ ಎದೆ ಮುಟ್ಟಿಕೊಳ್ಳುತ್ತಿದ್ದರು. ನಾನಲ್ಲ, ನಾನಲ್ಲ. ಒಂದೂವರೆ ತಾಸು. ಅರ್ಧಕ್ಕೆ ಬಂದಾಗ ಕೂಸುಗಳೂ ಅಳು ನಿಲ್ಲಿಸಿದ್ದವು. ಅಷ್ಟು ಜನ ಸೇರಿ ಒಂದೇ ಮಾತು ಹೇಳುತ್ತ ಹೋದಾಗ, ಗುಡ್ಡವೇ ತನ್ನ ಮೇಲಿನ ಆಪಾದನೆ ಅಲ್ಲಗಳೆಯುತ್ತಿದೆ ಅನ್ನಿಸತೊಡಗಿತು. ಕೊನೆಯ ‘ನಾನಲ್ಲ’ ಕಲ್ಲಪ್ಪನದು. ಒಂದೂ ತಪ್ಪಲಿಲ್ಲ. ಎಲ್ಲವೂ ಬಂದಿದ್ದವು.

“ಹಂಗಾದ್ರ ಹೇಳದ ಉಳದಾಂವ ಯಾರು?” ಎಂದ ಕಲ್ಲಪ್ಪ.

ಯಮನೂರ. ದವಡೆ ಮುರಿದು, ಗದ್ದದಿಂದ ನೆತ್ತಿಯವರೆಗೆ ಬಟ್ಟೆ ಬಿಗಿದು ಮನೆಯಲ್ಲಿ ಮಲಗಿದ್ದ. ಬಾಯಿ ತೆರೆಯುವ ಹಾಗಿರಲಿಲ್ಲ; ಒಂದೂವರೆ ತಿಂಗಳು ತೆರೆಯಬಾರದೆಂದು ಡಾಕ್ಟರು ಹೇಳಿದ್ದರು. ಜನ ಒಂದಕ್ಕೊಂದು ಕೂಡಿಸಿದರು. ಅವನು ಆಡು ಕಾಯುವವನು, ಎರಡು ಬೆರಳಿಟ್ಟು ಸೀಟಿ ಹೊಡೆದರೆ ಗುಡ್ಡದಾಚೆಯ ಆಡು ತಿರುಗಿ ಬರುತ್ತವೆ. ಸೀಟಿ ಕೇಳಿದ್ದೂ ಅವನ ಗೋಲಿನ ಕಡೆಯಿಂದ. “ಅವಗ ಹೆಣ್ಣು ಗೊತ್ತಾಗಿದ್ದು ಹೊಳೆಯಾಚೆ. ಬೀಗರಿಗೆ ಕಪ್ ಉಡುಗೊರೆ ಕೊಟ್ಟಾನ,” ಎಂದ ಒಬ್ಬ.

ನಮ್ಮೂರಲ್ಲಿ ಇಂಥದ್ದಕ್ಕೆ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಮಾತು ಬಿಡುತ್ತಾರೆ. ಬಯಲಿನಲ್ಲಿ ಆ ಮನುಷ್ಯನ ಜೊತೆ ಯಾರೂ ಮಾತಾಡುವುದಿಲ್ಲ. ಬಹಳ ಹಿಂದೆ ಒಬ್ಬನಿಗೆ ಹಾಗೆ ಮಾಡಿದ್ದರು. ಮೊದಲ ವರ್ಷ ಜನ ಅವನನ್ನು ನೋಡಿ ಮುಖ ತಿರುಗಿಸುತ್ತಿದ್ದರು. ಆಮೇಲಾಮೇಲೆ ಮುಖ ತಿರುಗಿಸುವ ಅಗತ್ಯ ಬೀಳಲಿಲ್ಲ. ಕೆಳಗಿನ ಓಣಿಯ ಕೊನೆಯ ಮನೆಯಿಂದ ಈಗಲೂ ಬೆಳಗ್ಗೆ ಸಂಜೆ ಹೊಗೆ ಏಳುತ್ತದೆ. ಯಾರ ಮನೆ ಎಂದು ಯಾರೂ ಕೇಳುವುದಿಲ್ಲ.

ಮಾತು ಬಿಟ್ಟ ಗುರುತಿಗೆ ಯಮನೂರನ ಜೆರ್ಸಿಯನ್ನು ತಿರುವುಮುರುವು ಮಾಡಿ ಅವನ ಬಾಗಿಲಿಗೆ ಕಟ್ಟಲು ನಾಲ್ಕು ಜನ ಎದ್ದರು. ಆಗ ಅವನ ತಾಯಿ ಫಕೀರವ್ವ ಜನರ ನಡುವಿನಿಂದ ನನ್ನ ಹತ್ತಿರ ಬಂದಳು. ಎಲ್ಲರನ್ನೂ ಬಿಟ್ಟು ನನ್ನ ಹತ್ತಿರ.

“ಭರಮಣ್ಣ, ನನ್ನ ಮಗಗ ಈಗ ಬಾಯಿಲ್ಲ. ನಿನಗ ಹತ್ತು ಮಂದೀ ಬಾಯಿ ಐತಿ. ಅವನ ಪರ ನಾಕ ಮಾತಾಡೋ ಯಪ್ಪಾ.”

ಮೈಕ್ ನನ್ನ ಕೈಯಲ್ಲೇ ಇತ್ತು. ನಾನು ಬಾಯಿ ತೆರೆದೆ. “ಹತ್ತು ಲಕ್ಷ ಮಂದೀ ಸಾಕ್ಷಿಯಾಗಿ, ಏಳು ಸಮುದ್ರ ಉಕ್ಕೂ ಹಂಗ, ಈ ಭೂಮಿ ಮ್ಯಾಲ ಹುಟ್ಟಿದ ಅತಿ ದೊಡ್ಡ ಗಂಟಲದಿಂದ ಹೇಳ್ತೀನಿ ಕೇಳ್ರಿ! ಸೀಟಿ ಹೊಡದಾಂವ ನಾನ. ಅದೂ ಎಂಥಾ ಸೀಟಿ, ಸತ್ತವರು ಎದ್ದು ಕುಂದರೂ ಅಂಥಾ ಸೀಟಿ!”

ಜನ ಗೊಳ್ಳೆಂದರು. “ಹುಡುಗನ್ನ ಉಳಸಾಕ ಬಂದಾನ ನೋಡ್ರಿ ಸುಳ್ಳಿನ ಸರದಾರ,” ಎಂದ ಕಲ್ಲಪ್ಪ, ಕಣ್ಣೀರು ಒರೆಸಿಕೊಳ್ಳುತ್ತ. ನಾನು ಎರಡನೆಯ ಸಲ ಹೇಳಲು ಹೋದೆ, ಗಂಟಲು ಕಟ್ಟಿತು. ನನ್ನ ಗಂಟಲು, ಕಟ್ಟಿತು! ನಗದೆ ಇದ್ದವಳು ಪಾರವ್ವ ಒಬ್ಬಳೇ. ಎದ್ದು ನಿಂತು, ಸೆರಗು ಬಿಗಿದು, “ಎಂಟ ದಿನ ತಡೀರಿ. ಜೆರ್ಸಿ ಎಲ್ಲಿ ಓಡಿ ಹೋಗ್ತೈತಿ? ಇವರ ಮಾತು ಬರ್ಲಿಲ್ಲಂದ್ರ ಆಮ್ಯಾಲ ಕಟ್ರಿ,” ಎಂದಳು. ಆ ದಿನ ಮನೆಗೆ ಹೋದ ಮೇಲೆ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಾಲ್ಕನೆಯ ಭಾನುವಾರ. ನಾನು ಮಾತಾಡಿದ ಹೊತ್ತು ಬಂತು. ನಾಯಿಗಳು ಮಲಗಿದವು. ಉಸಿರು ಬಂದು ಮುಖಕ್ಕೆ ತಾಗಿತು, ದನಿ ಇಲ್ಲ. ಹತ್ತು ಲಕ್ಷ ಮಂದಿ ಇಲ್ಲ. ಏಳು ಸಮುದ್ರ ಇಲ್ಲ. ಫಕೀರವ್ವ ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡಿದ್ದಳು. ಕಲ್ಲಪ್ಪ ಜೆರ್ಸಿ ಎತ್ತಿಕೊಂಡ.

“ಸೀಟಿ ಹೊಡದಾಂವ ನಾನ.”

ಸಣ್ಣ ದನಿ. ಒಣಗಿದ ದನಿ. ಬಾಗಿಲ ಸಂದಿಯಿಂದ ಯಾರೋ ಅಂಜುತ್ತ ಮಾತಾಡಿದ ಹಾಗೆ. ಅಷ್ಟು ಹೇಳಿ ನಿಂತುಬಿಟ್ಟಿತು.

“ಯಾರಿಂವ?” ಎಂದ ಕಲ್ಲಪ್ಪ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ದನಿಯವನು ನಮ್ಮೂರಲ್ಲಿ ಯಾರೂ ಇರಲಿಲ್ಲ. ನಾನೂ ಸುತ್ತ ಹುಡುಕಿದೆ, ಆಣೆ ಮಾಡಿ ಹೇಳುತ್ತೇನೆ. ಯಾರೋ ಬಡಪಾಯಿ, ಪಾಪ, ಸಿಕ್ಕಿಬಿದ್ದ ಎಂದುಕೊಂಡೆ.

“ನಮ್ಮನಿಯವರು,” ಎಂದಳು ಪಾರವ್ವ. “ನಿದ್ದಿಗಣ್ಣಾಗ ಹಿಂಗ ಮಾತಾಡ್ತಾರ. ಮೂವತ್ತು ವರ್ಷ ಆತು, ನಾ ಕೇಳಾಕತ್ತು.”

ಯಾರೂ ಬೈಯಲಿಲ್ಲ. ಆ ಮೈದಾನದಲ್ಲಿ ಬೈಗುಳವಿಲ್ಲದೆ ಜನ ಎದ್ದು ಹೋದದ್ದು ಅದೇ ಮೊದಲು. ಮರುದಿನ ಬೆಳಗ್ಗೆ ನೋಡಿದರೆ ನನ್ನ ಬಾಗಿಲಿಗೆ ಮೈಕಿನ ವೈರನ್ನು ಸುತ್ತಿ ಕಟ್ಟಿದ್ದರು.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ಮೊದಮೊದಲು ಮುಖ ತಿರುಗಿಸುತ್ತಿದ್ದರು. ಈಗ ಅವರ ಕಣ್ಣು ಗೋಡೆಯ ಮೇಲೆ ಹಾಯ್ದ ಹಾಗೆ ನನ್ನ ಮೇಲೆ ಹಾಯ್ದು ಹೋಗುತ್ತದೆ. ಪಾರವ್ವ ಮನೆಯೊಳಗೆ ಬಾಗಿಲು ಹಾಕಿಕೊಂಡು ಮಾತಾಡುತ್ತಾಳೆ, ಅವಳಿಗೂ ಊರಲ್ಲಿ ಬಾಳಬೇಕಲ್ಲ. ಮೈಕ್ ಈಗ ಕಲ್ಲಪ್ಪನ ಕೈಯಲ್ಲಿದೆ. ಅವನು ‘ಗೋಲ್’ ಎಂದರೆ ನೊಣವೂ ಏಳುವುದಿಲ್ಲ. ಮೊನ್ನೆ ಕೆಳಗಿನ ಓಣಿಯಲ್ಲಿ ಹೋಗುತ್ತಿದ್ದಾಗ ಕೊನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಅಷ್ಟು ವರ್ಷದಲ್ಲಿ ನಾನು ಅವನನ್ನು ಕಂಡದ್ದು ಅಂದೇ. ಅವನು ನನಗೆ ಕೂಡಲು ಜಾಗ ಬಿಟ್ಟು ಸರಿದ. ನಾನು ಕೂಡಲಿಲ್ಲ. ಓಡಿ ಬಂದೆ.

ಹೋದ ವಾರ ಪಾರವ್ವ ತಂಗಿಯ ಬಾಣಂತನಕ್ಕೆಂದು ಹೋಗಿದ್ದಳು. ನನಗೆ ಜ್ವರ. ಮಧ್ಯಾಹ್ನ ಕಟ್ಟೆಯ ಮೇಲೆ ಬಿದ್ದುಕೊಂಡವನಿಗೆ ಏಳಲು ಆಗಲಿಲ್ಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. “ನೀರು ಕೊಡ,” ಎಂದೆ. ಯಾರಿಗೆ ಎಂದು ನನಗೇ ತಿಳಿಯದು. ಯಾರೂ ನಿಲ್ಲಲಿಲ್ಲ. ಜ್ವರ ತಾನೇ ಬಿಟ್ಟಿತು.

ಎಂಟನೆಯ ದಿನ ಮಧ್ಯಾಹ್ನ ಅದೇ ಕಟ್ಟೆಯ ಮೇಲೆ ಕೂತಿದ್ದೆ. ಓಣಿಯ ನಾಯಿಗಳು ಮಲಗಿದವು. ಆ ಉಸಿರು ಬಂತು, ಆ ಸಣ್ಣ ದನಿ ಬಂತು: “ನೀರು ಕೊಡ.” ಓಣಿಗೆಲ್ಲ ಕೇಳಿಸಿತು. ನಾನು ಮೊಣಕಾಲ ನಡುವೆ ತಲೆ ಹುದುಗಿಸಿದೆ.

ಸ್ವಲ್ಪ ಹೊತ್ತಿಗೆ ಹೆಜ್ಜೆ ಸಪ್ಪಳವಾಯಿತು. ತಲೆ ಎತ್ತಿದರೆ ಯಮನೂರ. ದವಡೆ ಸೊಟ್ಟಗೆ ಕೂಡಿಕೊಂಡಿತ್ತು. ಮಾತಾಡಲಿಲ್ಲ, ನನ್ನ ಮುಖ ನೋಡಲಿಲ್ಲ. ಮೆಟ್ಟಿಲ ಮೇಲೆ ತಂಬಿಗೆ ಇಟ್ಟು, ಬಂದ ದಾರಿಯಲ್ಲೇ ತಿರುಗಿ ಹೋದ.

ಏಳು ಹೊಳೆಯ ನೀರಿತ್ತು ಎಂದು ಹೇಳಬಹುದು. ಒಂದು ತಂಬಿಗೆ ನೀರಿತ್ತು.